ನಾಲ್ಕನೆಯ ಭಾನುವಾರ ಅಜ್ಜಿ ಹೇಳಿದ್ದು

ಅಜ್ಜಿ ಅವತ್ತು ಏನು ಹೇಳಿದಳು ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ಗೊತ್ತಿದೆ ಎಂದುಕೊಂಡೇ ಇಷ್ಟು ವರ್ಷ ಕಳೆದೆ. ಗೆಳೆಯರ ಮುಂದೆ ಹೇಳಿದ್ದೇನೆ, ತರಗತಿಯಲ್ಲಿ ಹೇಳಿದ್ದೇನೆ, ಒಮ್ಮೆ ಮೈಸೂರಿನ ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಪರಿಚಿತನಿಗೂ ಅಜ್ಜಿಯ ದನಿ ಮಾಡಿಯೇ ಹೇಳಿದ್ದೇನೆ. ಹೋದ ವರ್ಷ ಕೊಳ್ಳೇಗಾಲದ ಕೆಲವು ಹುಡುಗ ಹುಡುಗಿಯರು ಮೊಬೈಲಿನಲ್ಲೇ ತೆಗೆದ ಕಿರುಚಿತ್ರಗಳದ್ದೊಂದು ಉತ್ಸವ ಮಾಡಿದರು. ಈ ಊರಿನಲ್ಲಿ ಹಿಂದೆ ಒಂದು ಫಿಲ್ಮ್ ಕ್ಲಬ್ ಇತ್ತಂತೆ, ಅದು ನಿಮ್ಮ ಮನೆಯಲ್ಲೇ ಸೇರುತ್ತಿತ್ತಂತೆ, ಬಂದು ನಾಲ್ಕು ಮಾತಾಡಿ ಎಂದು ಕರೆದರು. ಹೋದೆ, ಮಾತಾಡಿದೆ, ಅಜ್ಜಿಯ ಮಾತನ್ನೂ ಹೇಳಿದೆ. ಚಪ್ಪಾಳೆ ಬಿತ್ತು. ಯಳಂದೂರಿನಿಂದ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಅಕ್ಕ ಶಶಿ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಾ ಅಂದಳು:

"ಚೆನ್ನಾಗ್ ಮಾತಾಡ್ದೆ ಕಣ್ಲಾ. ಆದ್ರೆ ಅದು ಅಂಗೆ ನಡೀನಿಲ್ಲ."

"ಮತ್ತೆ ಹೆಂಗೆ ನಡೀತು?"

"ನಂಗೇನ್ ಗೊತ್ತು? ನೀ ಏಳ್ದಂಗಲ್ಲ ಅನ್ನದು ಗೊತ್ತು."

ನಾನು ಓದಿದ್ದು ತತ್ವಶಾಸ್ತ್ರ. ನಿನಗೆ ಇದು ಹೇಗೆ ಗೊತ್ತು ಎಂದು ಪ್ರತಿಯೊಂದಕ್ಕೂ ಕೇಳುವುದನ್ನು ಐದು ವರ್ಷ ಕಲಿತು, ಆಮೇಲೆ ಮೂರು ಊರುಗಳಲ್ಲಿ ಅದನ್ನೇ ಕಲಿಸಿ, ಎಲ್ಲಿಯೂ ನಿಲ್ಲದೆ, ಬಹಳ ಜನರಿಗೆ ಬೇಸರ ತರಿಸಿದವನು. ಆ ಪ್ರಶ್ನೆಯನ್ನು ನನ್ನ ಈ ಒಂದು ನೆನಪಿಗೆ ಮಾತ್ರ ಕೇಳಿರಲಿಲ್ಲ. ಅಕ್ಕ ಚಪ್ಪಲಿ ಹಾಕಿಕೊಂಡು ಹೋದ ಮೇಲೆ ಕೇಳಬೇಕಾಯಿತು.

ನಮ್ಮ ಮನೆ ಕೊಳ್ಳೇಗಾಲದಲ್ಲಿ ಮಗ್ಗದವರ ಬೀದಿಗೆ ತಾಗಿಕೊಂಡಿತ್ತು. ಉದ್ದನೆಯ ಮನೆ, ಕೋಣೆಗಳು ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು. ಮುಂದಿನ ಕೋಣೆ ನಮ್ಮದಾಗಿರಲಿಲ್ಲ, ಟೈಪಿಂಗ್ ಇನ್‌ಸ್ಟಿಟ್ಯೂಟಿನದ್ದು. ಅಪ್ಪ ಅಲ್ಲಿ ಎಂಟು ಮೆಷಿನ್ನುಗಳನ್ನು ಇಟ್ಟುಕೊಂಡು ಬೆಳಗ್ಗೆ ಆರಕ್ಕೆ ಮೊದಲ ಬ್ಯಾಚ್ ಶುರು ಮಾಡುತ್ತಿದ್ದ. ಅದರ ಹಿಂದೆ ಅಜ್ಜಿಯ ಕೋಣೆ. ಅಲ್ಲೇ ಪೂಜೆ, ವಿಭೂತಿ, ಮಾದಪ್ಪನ ಬೆಟ್ಟದಿಂದ ತಂದ ದೇವರ ಪಟ, ಅಜ್ಜಿಯ ಚಾಪೆ. ಅದರ ಹಿಂದೆ ನಾವೆಲ್ಲ ಮಲಗುವ ನಡುಮನೆ, ಕೊನೆಗೆ ಅಡುಗೆಮನೆ, ಅದರ ಬಾಗಿಲು ದಾಟಿದರೆ ಹಿತ್ತಲು, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ಮುಂದೆ ಟೈಪಿನ ಸದ್ದು, ಪಕ್ಕದ ಗೋಡೆಯಾಚೆ ಮಗ್ಗದ ಸದ್ದು. ಈ ಎರಡರ ನಡುವೆ ಬೆಳೆದ ನಾನೂ ಅಕ್ಕನೂ ಇವತ್ತಿಗೂ ಸ್ವಲ್ಪ ಜೋರಾಗಿಯೇ ಮಾತಾಡುತ್ತೇವೆ. ರಿಬ್ಬನ್ನಿನ ಮಸಿ, ಮೆಷಿನ್ ಎಣ್ಣೆ, ಒಲೆಯ ಮೇಲಿನ ಉಪ್ಸಾರು ಎಲ್ಲ ಸೇರಿದ ಒಂದು ವಾಸನೆ ಆ ಮನೆಗಿತ್ತು. ಪರೀಕ್ಷೆಗೆ ಬರುವ ಹುಡುಗಿಯರು ಕೈ ಮೂಸಿಕೊಂಡು ನಗುತ್ತಿದ್ದರು.

ಇಷ್ಟು ಗದ್ದಲದ ಮನೆಯಲ್ಲಿ ಅಜ್ಜಿ ಮತ್ತು ಅಮ್ಮ ಪರಸ್ಪರ ಮಾತಾಡುತ್ತಿರಲಿಲ್ಲ. ಯಾಕೆ ನಿಂತಿತು, ಯಾವಾಗ ನಿಂತಿತು, ಯಾರಿಗೂ ಸರಿಯಾಗಿ ತಿಳಿಯದು. ಅಮ್ಮನ ತವರಿನವರ ಬಗ್ಗೆ ಅಜ್ಜಿ ಏನೋ ಅಂದಳು ಎಂಬುದು ಒಂದು ಮಾತು. ಹೊಸದಾಗಿ ಬಂದ ಅಮ್ಮ ಅಜ್ಜಿಯನ್ನು ಕೇಳದೆ ಅಡುಗೆಮನೆಯ ಒಲೆಯನ್ನು ಕಿತ್ತು ಬೇರೆ ಮೂಲೆಗೆ ಹಾಕಿಸಿದಳು ಎಂಬುದು ಇನ್ನೊಂದು. ನಾನು ಹುಟ್ಟುವ ಹೊತ್ತಿಗೆ ಜಗಳ ಮುಗಿದು ಪದ್ಧತಿ ಮಾತ್ರ ಉಳಿದಿತ್ತು. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರು. ಒಬ್ಬಳು ಕಾಳು ಬಿಡಿಸಿದರೆ ಇನ್ನೊಬ್ಬಳು ಅದನ್ನು ಬೇಯಿಸುತ್ತಿದ್ದಳು. ಮಾತು ಮಾತ್ರ ನನ್ನ ಮೂಲಕ ಹೋಗಬೇಕಿತ್ತು. ಅಕ್ಕ ಈ ಕೆಲಸಕ್ಕೆ ಒಪ್ಪುತ್ತಿರಲಿಲ್ಲ, ಪುಸ್ತಕ ಹಿಡಿದು ಕೂತುಬಿಡುತ್ತಿದ್ದಳು. ಊಟಕ್ಕೆ ಕೂತಾಗ ಇಬ್ಬರ ನಡುವಿನ ಮಣೆ ನನ್ನದು.

"ಈ ಮನೇಲಿ ಉಪ್ಪು ಅನ್ನ ಪದಾರ್ಥ ಅದಾ ಕೇಳ್ಲಾ."

"ಅದೆ, ಕೈ ನೀಡುದ್ರೆ ಸಿಗ್ತದೆ ಅಂತ ಏಳ್ಲಾ."

"ಅಜ್ಜಿ, ತಂದ್ಕೊಡ್ತೀನಿ ಇರು ಅಂದ್ಲು."

ಮೊದಲನೆಯದು ಅಜ್ಜಿಯದು, ಎರಡನೆಯದು ಅಮ್ಮನದು, ಮೂರನೆಯ ಮಾತು ನನ್ನದು. ಎದುರಿಗೇ ಕೂತವರು, ಇಬ್ಬರಿಗೂ ಕಿವಿ ಚೆನ್ನಾಗಿತ್ತು, ಆದರೂ ನಾನು ತಿದ್ದಿ ಹೇಳಿದ್ದನ್ನೇ ಉತ್ತರವೆಂದು ತೆಗೆದುಕೊಳ್ಳುತ್ತಿದ್ದರು. ಒಂದು ಮಾತು ಈ ಕಡೆಯಿಂದ ಆ ಕಡೆಗೆ ಹೋಗುವಾಗ ಅದರ ಮೊನೆ ಮುರಿಯುವುದು, ಬೇಕಾದರೆ ಒಂದು ಒಳ್ಳೆಯ ಪದ ಸೇರಿಸುವುದು ನನಗೆ ಉಸಿರಾಟದಷ್ಟು ಸಹಜವಾಯಿತು. ಇದನ್ನು ಸುಳ್ಳು ಎಂದು ನಾನು ಅಂದುಕೊಂಡಿರಲಿಲ್ಲ. ಈಗ ನನ್ನ ನೆನಪನ್ನು ನಾನೇ ನಂಬದಿರುವುದಕ್ಕೆ ಓದು ಕಾರಣವಲ್ಲ, ಆ ಮಣೆ ಕಾರಣ.

ಭಾನುವಾರ ಮಾತ್ರ ಮನೆಯ ನಡೆ ಬದಲಾಗುತ್ತಿತ್ತು. ಮೆಷಿನ್ನುಗಳಿಗೆ ಮುಸುಕು ಹಾಕಿ ಗೋಡೆಗೆ ಸರಿಸಿ, ಚಾಪೆ ಹಾಸಿ, ಅಪ್ಪ ಇಬ್ಬರು ಗೆಳೆಯರಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದ. ಯಳಂದೂರಿನಿಂದ ರಾಜಪ್ಪ ಮೇಷ್ಟ್ರು ಬರುತ್ತಿದ್ದರು. ಅವರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ತೆಗೆಯಬೇಕಾದ ಪ್ರತಿ ಶಾಟನ್ನೂ ಮೊದಲು ಹಾಳೆಯಲ್ಲಿ ಬರೆದು ತರುವವರು. ಹನೂರಿನಿಂದ ಮಾದೇವಣ್ಣ. ಅವನದು ಫೋಟೋ ಸ್ಟುಡಿಯೋ. ಮದುವೆಗಳಿಗೆ ವಿಡಿಯೋ ತೆಗೆಯುವ ದೊಡ್ಡ ಕ್ಯಾಮೆರಾ ಇದ್ದದ್ದು ಸುತ್ತಿನಲ್ಲಿ ಅವನೊಬ್ಬನ ಹತ್ತಿರವೇ. ಅದನ್ನು ಹಸುಗೂಸಿನ ಹಾಗೆ ಹಳೆಯ ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತರುತ್ತಿದ್ದ. ಅವನ ತಾಯಿ ಗಡಿಯ ಪಾಲಾರ್ ಕಡೆಯವಳು, ಹಾಗಾಗಿ ಅವನ ಕನ್ನಡದಲ್ಲಿ ನಡುನಡುವೆ ತಮಿಳು ಇಣುಕುತ್ತಿತ್ತು. ಏನು ಹಿಡಿಸಿದರೂ "ರೊಂಬ ಚೆನ್ನಾಗದೆ" ಅನ್ನುವನು. ಮೂವರ ಗೆಳೆತನ ಕೊಳ್ಳೇಗಾಲದ ಟಾಕೀಸಿನ ಹೊರಗೆ, ಒಂದು ಸಿನಿಮಾದ ಬಗ್ಗೆ ಶುರುವಾದ ವಾದದಿಂದ ಹುಟ್ಟಿತ್ತಂತೆ. ಆ ವಾದ ಮುಗಿದದ್ದನ್ನು ನಾನು ನೋಡಲಿಲ್ಲ. ಅಪ್ಪ ಬೇರೆಯವರ ಜೊತೆ ಗಂಟಲು ಕೆರೆದುಕೊಂಡು ಮಾತಾಡುವ ಮನುಷ್ಯ. ಮಾದೇವಣ್ಣನ ಜೊತೆಗೆ ಮಾತ್ರ ತೊಡೆ ತಟ್ಟಿ ನಗುತ್ತಿದ್ದ. ಊಟದ ಹೊತ್ತಿಗೆ ಅಜ್ಜಿ ಮಾದೇವಣ್ಣನನ್ನು ತನ್ನ ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದಳು. ಅಮ್ಮ ಹುರುಳಿಕಾಳಿನ ಸಾರು, ಮುದ್ದೆ ಮಾಡಿ, ನಾಲ್ಕು ಮುದ್ದೆ ಹೆಚ್ಚಿಗೇ ಕಟ್ಟಿರುತ್ತಿದ್ದಳು.

ಯಳಂದೂರಿನಲ್ಲಿ ರಾಜಪ್ಪ ಮೇಷ್ಟ್ರು ಹವ್ಯಾಸಿಗಳ ಚಿತ್ರೋತ್ಸವ ಮಾಡುವುದೆಂದು ಗೊತ್ತು ಮಾಡಿದ ವರ್ಷ ಇವರೂ ಒಂದು ಸಿನಿಮಾ ತೆಗೆಯಲು ಹೊರಟರು. ಆಷಾಢದಲ್ಲಿ ಮದುವೆಗಳಿಲ್ಲ, ಕ್ಯಾಮೆರಾ ಖಾಲಿ. ಆ ವರ್ಷ ಆಷಾಢಕ್ಕೆ ಐದು ಭಾನುವಾರ. ಐದರಲ್ಲಿ ಮುಗಿಸಬೇಕು, ಶ್ರಾವಣದ ಮೊದಲ ಭಾನುವಾರ ಉತ್ಸವ. ಕತೆ ಮೇಷ್ಟ್ರದ್ದು: ಬೆಟ್ಟಕ್ಕೆ ನಡೆದೇ ಹೋಗುತ್ತೇನೆಂದು ಹರಕೆ ಹೊತ್ತ ಮುದುಕಿ, ಅವಳನ್ನು ಬಿಡದ ಮನೆಯವರು. ಮುದುಕಿ ನಮ್ಮಜ್ಜಿ. ಸೊಸೆಯ ಪಾತ್ರ ಮಾಡೆಂದು ಅಪ್ಪ ಅಮ್ಮನನ್ನು ಕೇಳಿದ. "ದಿನಾ ಮಾಡದು ಸಾಲ್ದಾ?" ಎಂದು ಅಮ್ಮ ಒಳಗೆ ಹೋದಳು. ಕೊನೆಗೆ ಟೈಪಿಂಗಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಸೊಸೆಯಾದಳು.

ಇವರು ಸಿನಿಮಾ ತೆಗೆಯುತ್ತಿದ್ದ ಕ್ರಮವನ್ನು ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಇದ್ದದ್ದು ಒಂದೇ ಕ್ಯಾಸೆಟ್. ಕತ್ತರಿಸಿ ಜೋಡಿಸುವ ಯಂತ್ರ ಇರಲಿಲ್ಲ. ಕತೆ ಯಾವ ಕ್ರಮದಲ್ಲಿ ಕಾಣಬೇಕೋ ಅದೇ ಕ್ರಮದಲ್ಲಿ ತೆಗೆಯಬೇಕು. ಒಂದು ಶಾಟ್ ಮುಗಿದಲ್ಲಿಂದಲೇ ಮುಂದಿನದು ಶುರು. ಅದಕ್ಕಾಗಿ ಒಂದು ಪದ್ಧತಿ ಮಾಡಿಕೊಂಡಿದ್ದರು. ದಿನದ ಕೆಲಸ ಮುಗಿದಾಗ ಮೇಷ್ಟ್ರು ಕ್ಯಾಮೆರಾದ ಮುಂದೆ ಕೈ ಹಿಡಿದು ಬೆರಳು ತೋರಿಸುವರು. ಮೊದಲ ದಿನ ಒಂದು ಬೆರಳು, ಎರಡನೆಯ ದಿನ ಎರಡು. ಅರ್ಧ ನಿಮಿಷ ಆ ಕೈಯನ್ನೇ ತೆಗೆಯುವರು. ಮುಂದಿನ ಭಾನುವಾರದ ಶಾಟ್ ಆ ಬೆರಳಿನ ಮೇಲೆ ಶುರುವಾಗಬೇಕು. ಬೆರಳು ಅಳಿದರೆ ಯಾರಿಗೂ ನಷ್ಟವಿಲ್ಲ. ಆದರೆ ಮನೆಯವರಿಗೆ ಅವತ್ತಿನದನ್ನು ಅವತ್ತೇ ನೋಡುವ ಚಪಲ. ಸಂಜೆ ಟಿವಿಗೆ ಜೋಡಿಸಿ ಹಿಂದಕ್ಕೆ ಓಡಿಸಿ ಎಲ್ಲರೂ ನೋಡುವುದು, ನೋಡಿದ ಮೇಲೆ ಮತ್ತೆ ಬೆರಳಿನವರೆಗೆ ಮುಂದಕ್ಕೆ ಓಡಿಸಿಡುವುದು. ಓಡಿಸಿಡುವ ಕೆಲಸ ನನ್ನದು. ಎಂಟು ಮೆಷಿನ್ನಿನ ಮಾಲೀಕನ ಮಗ, ಗುಂಡಿ ಒತ್ತುವುದು ಬರುತ್ತದೆ ಎಂದು ಮಾದೇವಣ್ಣನೇ ವಹಿಸಿದ್ದ.

ನಾಲ್ಕನೆಯ ಭಾನುವಾರ ಹಿತ್ತಲಲ್ಲಿ ಕೆಲಸ. ಅಜ್ಜಿ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು, ಅವಳ ಹಿಂದೆ ಅಡುಗೆಮನೆಯ ಬಾಗಿಲು. ಅಮ್ಮ ರಾಗಿ ಬೀಸಿಸಿಕೊಂಡು ಬರಲು ಮಿಲ್ಲಿಗೆ ಹೋಗಿದ್ದಳು. ಇದನ್ನು ಅಪ್ಪ ಹೇಳುತ್ತಿದ್ದ, ಅಕ್ಕ ಹೇಳುತ್ತಾಳೆ, ಅಮ್ಮನೇ ಹೇಳುತ್ತಾಳೆ. ಈ ಇಡೀ ಕತೆಯಲ್ಲಿ ಎಲ್ಲರೂ ಒಪ್ಪುವ ಸಂಗತಿ ಇದೊಂದೇ. ಅಜ್ಜಿ ಸೊಸೆಯನ್ನು ಬೈಯಬೇಕಿತ್ತು. ಮೇಷ್ಟ್ರು ಮಾತು ಹೇಳಿಕೊಟ್ಟರು.

"ಈ ಸೊಸೆ ಬಂದ್ಮೇಲೆ ನನ್ ಮನೆ ಆಳಾಯ್ತು, ಅನ್ಬೇಕು ಕಣವ್ವಾ."

"ಅಂಗ್ಯಾಕ್ ಅನ್ಲಿ?"

"ನಾಟ್ಕ ಕಣವ್ವಾ. ನಿಜ್ವಾಗ್ಲೂ ಅಲ್ಲ."

"ನಾಟ್ಕದಲ್ಲಿ ಸುಳ್ ಏಳ್ಬೋದಾ?"

"ಅದ್ಕೇ ಅಲ್ವಾ ನಾಟ್ಕ ಅನ್ನದು!" ಎಂದು ಮಾದೇವಣ್ಣ ನಕ್ಕು ಕ್ಯಾಮೆರಾ ಓಡಿಸಿದ.

ಅಜ್ಜಿ ಸುಮ್ಮನೆ ಕೂತಳು. ತುಂಬಾ ಹೊತ್ತು ಕೂತಳೆಂದು ನನ್ನ ನೆನಪು. ಆಮೇಲೆ ಮೇಷ್ಟ್ರು ಹೇಳಿಕೊಟ್ಟದ್ದನ್ನು ಬಿಟ್ಟು ಬೇರೇನೋ ಹೇಳಿದಳು. ನಾನು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಹೀಗೆ: "ನನ್ ಸೊಸೆ ಇಲ್ದಿದ್ರೆ ಈ ಮನೆ ಯಾವತ್ತೋ ಬಿದ್ದೋಗದು. ಅವ್ಳ್ಗೆ ನಾ ಒಂದ್ ದಿನ್ವೂ ಅದ್ನ ಏಳ್ನಿಲ್ಲ." ಅಕ್ಕನ ಪ್ರಕಾರ ಅಜ್ಜಿ ಅಂದದ್ದು "ಅವ್ಳ್ ಕಟ್ಟಿದ್ ಮುದ್ದೇಲಿ ಗಂಟಿರಕ್ಕಿಲ್ಲ" ಎಂದು, ಅಷ್ಟೇ. ಅಪ್ಪ ಬದುಕಿದ್ದಾಗ ಹೇಳುತ್ತಿದ್ದದ್ದು ಇವೆರಡಕ್ಕಿಂತ ಉದ್ದವಾಗಿತ್ತು. ಅದರಲ್ಲಿ ಅಜ್ಜಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮೇಷ್ಟ್ರು ನಾಲ್ಕು ಬೆರಳು ತೋರಿಸಿದರು. ಸಂಜೆ ಟಿವಿಯಲ್ಲಿ ನೋಡಿದೆವು. ಅಜ್ಜಿ ತನ್ನನ್ನು ತಾನೇ ನೋಡಿ ಬಾಯಿಗೆ ಸೆರಗು ಹಿಡಿದು, "ಇನ್ನೊಂದ್ ಸತಿ ಆಕ್ಲಾ" ಎಂದಳು. ಮೂರು ಸಲ ಹಾಕಿದ್ದಾಯಿತು. ಅಮ್ಮನಿಗೆ ತೋರಿಸಲೆಂದು ಮತ್ತೆ ಹಿಂದಕ್ಕೆ ಓಡಿಸಿ ಕರೆದರೆ, ಒಲೆಯ ಮೇಲೆ ಹಂಚು ಇದೆ, ಯಳಂದೂರಿನಲ್ಲೇ ಒಟ್ಟಿಗೆ ನೋಡುತ್ತೇನೆ ಎಂದಳು. ಅಷ್ಟರಲ್ಲಿ ಹನೂರಿನ ಬಸ್ಸಿನ ಹೊತ್ತಾಯಿತು. ಮಾದೇವಣ್ಣ ವೈರುಗಳನ್ನು ಸುತ್ತತೊಡಗಿದ. ನಾನು ಗುಂಡಿ ಒತ್ತಿ ಬೆರಳಿನವರೆಗೂ ಓಡಿಸಿದೆನೆಂದು ನನ್ನ ನೆನಪು. ನಾನು ಆಗ ಬೀದಿಯಲ್ಲಿ ಬಸ್ಸು ಬಂತಾ ಎಂದು ನೋಡುತ್ತಾ ನಿಂತಿದ್ದೆನೆಂದು ಅಕ್ಕನ ನೆನಪು.

ಅವರೆಲ್ಲ ಹೋದ ಮೇಲೆ ಅಡುಗೆಮನೆಗೆ ಹೋಗಿ ನನ್ನ ಕೆಲಸ ಮಾಡಿದೆ.

"ಅಮ್ಮ, ಅಜ್ಜಿ ನಿನ್ನ ಒಗಳ್ತು. ಕ್ಯಾಮ್ರಾ ಮುಂದೆ."

"ಏನಂದ್ರು?"

ಹೇಳಿದೆ. ಅಮ್ಮ ಹಂಚಿನ ಮೇಲಿನ ರೊಟ್ಟಿ ಮಗುಚಿದಳು.

"ಅದ್ರಲ್ಲಿ ಎಷ್ಟ್ ಅವ್ರುದು, ಎಷ್ಟ್ ನಿಂದು?"

"ನಿಜ್ವಾಗ್ಲೂ ಅಮ್ಮ."

"ಆಗ್ಲಿ. ನೋಡ್ತೀನಲ್ಲ."

ಆ ವಾರ ಅಮ್ಮ ಬೇರೆ ಥರ ಇದ್ದಳು. ಅಜ್ಜಿಯ ತಟ್ಟೆಗೆ ಬಡಿಸಿ ಅಲ್ಲೇ ಒಂದು ಗಳಿಗೆ ನಿಲ್ಲುತ್ತಿದ್ದಳು. ಯಳಂದೂರಿಗೆ ಉಡಲೆಂದು ಒಂದು ಸೀರೆ ತೆಗೆದು ಮೊಳೆಗೆ ನೇತುಹಾಕಿದ್ದಳು. ಇದು ನನಗೆ ನಿಜವಾಗಿ ನೆನಪಿದೆಯೋ, ಆಮೇಲೆ ನಡೆದದ್ದಕ್ಕೆ ಹೊಂದುವಂತೆ ನಾನೇ ನೇತುಹಾಕಿದೆನೋ ಹೇಳಲಾರೆ.

ಐದನೆಯ ಭಾನುವಾರ ಮೋಡ. ಸೊಸೆಯಾದ ಹುಡುಗಿ ಮೆಟ್ಟಿಲಿಳಿದು ಬಂದು ಅತ್ತೆಯನ್ನು ಹುಡುಕುವ ಎರಡು ಚಿಕ್ಕ ಶಾಟುಗಳನ್ನು ಅವಸರದಲ್ಲಿ ತೆಗೆದು, ಅಜ್ಜಿ ಬೆಟ್ಟದ ದಾರಿ ಹಿಡಿಯುವ ಕೊನೆಯದನ್ನು ತೆಗೆಯುವ ಮೊದಲೇ ಹನಿ ಬಿತ್ತು. ಎಲ್ಲರೂ ಒಳಗೆ ಬಂದು ಟಿವಿ ಹಾಕಿದರು. ಟಿವಿಯಲ್ಲಿ ಅಜ್ಜಿ ಒಗೆಯುವ ಕಲ್ಲಿನ ಮೇಲೆ ಬಂದು ಕೂತಳು, ಸುಮ್ಮನಿದ್ದಳು, ಬಾಯಿ ತೆರೆದಳು. ಪರದೆ ಒಮ್ಮೆ ಚದುರಿ ಹುಡುಗಿ ಮೆಟ್ಟಿಲಿಳಿದು ಬಂದಳು. ಅಜ್ಜಿಯ ಮಾತಿನ ಮೇಲೆಯೇ ಅವತ್ತಿನದೆಲ್ಲ ಕೂತಿತ್ತು. ಅಪ್ಪ ಎದ್ದು ಟಿವಿ ಆರಿಸಿದ.

"ಬೆರಳಿನ ತಂಕ ಓಡ್ಸಿರ್ನಿಲ್ವೇನ್ಲಾ?"

ಎಲ್ಲರೂ ನನ್ನನ್ನು ನೋಡಿದರು. ಅಡುಗೆಮನೆಯ ಕಡೆಯ ಬಾಗಿಲಲ್ಲಿ ಅಮ್ಮ ಇದ್ದಳು.

"ಓಡ್ಸಿದ್ದೆ. ಮಾದೇವಣ್ಣನೇ ಆಮೇಲೆ ಹಿಂದಕ್ಕೆ ಓಡಿಸ್ದ."

ಈ ಮಾತು ಆಡಿದ್ದರ ಬಗ್ಗೆ ನನಗೆ ಅನುಮಾನವಿಲ್ಲ. ಅದು ನಿಜವೇ ಎಂಬುದರ ಬಗ್ಗೆ ಅನುಮಾನ. ಆಗಿನ ನನಗೆ ನಿಜ ಸುಳ್ಳಿನ ಲೆಕ್ಕ ಇರಲಿಲ್ಲ. ಕೋಣೆಯಲ್ಲಿದ್ದ ಬಿಸಿಯನ್ನು ನನ್ನ ಮೇಲಿಂದ ಬೇರೆ ಕಡೆಗೆ ಸರಿಸುವ ಒಂದು ವಾಕ್ಯ ಬೇಕಿತ್ತು, ಸಿಕ್ಕಿತು. ಅಪ್ಪ ತಿರುಗಿ ಮಾದೇವಣ್ಣನ ಮುಖ ನೋಡಿದ. ಬೈಯಲಿಲ್ಲ. "ನೋಡ್ಕಬಾರ್ದಾ ಮಾದೇವ" ಎಂದ, ಅಷ್ಟೇ. ಮಾದೇವಣ್ಣ ಕ್ಯಾಸೆಟ್ ಹೊರತೆಗೆದು, ಕ್ಯಾಮೆರಾವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮಳೆಯಲ್ಲೇ ನಡೆದುಬಿಟ್ಟ. ಮಾಡಿಟ್ಟಿದ್ದ ಮುದ್ದೆ ಹಾಗೇ ಉಳಿಯಿತು. ಇನ್ನೊಮ್ಮೆ ಹೇಳಿಬಿಡು, ಬೇರೆ ಕಡೆಯಿಂದ ಕ್ಯಾಮೆರಾ ತರಿಸುತ್ತೇವೆ ಎಂದು ಮೇಷ್ಟ್ರು ಅಜ್ಜಿಯ ಮುಂದೆ ಕೂತು ಬೇಡಿಕೊಂಡರು.

"ಒಂದ್ ಸತಿ ಏಳಾಯ್ತು. ಅದೇನ್ ದಿನಾ ಏಳ ಮಂತ್ರವಾ?" ಎಂದಳು ಅಜ್ಜಿ.

ಅಮ್ಮ ಮುದ್ದೆಯ ಪಾತ್ರೆ ಎತ್ತಿಕೊಂಡು ಹೋಗುತ್ತಾ ನನ್ನ ತಲೆಯ ಮೇಲಿಂದ ಗೋಡೆಗೆ ಅಂದಳು: "ಇದ್ದಿದ್ರೆ ತಾನೆ ಅಳ್ಸೋಗಕ್ಕೆ."

ಉತ್ಸವಕ್ಕೆ ಹೋದೆವು. ಆಮಂತ್ರಣದಲ್ಲಿ ಹೆಸರು ಅಚ್ಚಾಗಿತ್ತು, ಹೋಗದಿದ್ದರೆ ಮೇಷ್ಟ್ರಿಗೆ ಅವಮಾನವೆಂದು ಅಪ್ಪ ಹೊರಡಿಸಿದ. ಅಮ್ಮ ಬರಲಿಲ್ಲ, ಅಜ್ಜಿಯೂ ಬರಲಿಲ್ಲ. ಯಳಂದೂರಿನ ಒಂದು ಶಾಲೆಯ ಹಾಲಿನಲ್ಲಿ ಎತ್ತರದ ಮೇಜಿನ ಮೇಲೆ ಟಿವಿ, ಮುಂದೆ ಅರುವತ್ತು ಎಪ್ಪತ್ತು ಜನ. ಚಾಮರಾಜನಗರದ ಹುಡುಗರು ತೆಗೆದ ಒಂದು ಕಳ್ಳನ ಕತೆ ಇತ್ತು. ಕಳ್ಳ ಓಡುವಾಗಲೆಲ್ಲ ಹಿಂದೆ ಅದೇ ಎಮ್ಮೆ ಕಾಣುತ್ತಿತ್ತು, ಜನ ಎಮ್ಮೆಗೆ ಶಿಳ್ಳೆ ಹೊಡೆದರು. ನಮ್ಮ ಹೆಸರು ಬಂದಾಗ ಮೇಷ್ಟ್ರು, ತಾಂತ್ರಿಕ ಕಾರಣದಿಂದ, ಎಂದು ಹೇಳಿ ಕನ್ನಡಕ ಒರೆಸಿಕೊಂಡರು. ಟಿವಿ, ವಿಸಿಆರ್ ಎಲ್ಲ ಮಾದೇವಣ್ಣನದು, ಮೇಷ್ಟ್ರಿಗೆ ಕೊಟ್ಟ ಮಾತಿಗಾಗಿ ತಂದಿದ್ದ. ಅವನು ಟಿವಿಯ ಪಕ್ಕ ನಿಂತಿದ್ದ, ಅಪ್ಪ ಎರಡನೆಯ ಸಾಲಿನಲ್ಲಿ. ನಡುವೆ ಹತ್ತು ಅಡಿ.

"ಟಿವೀನ ಸ್ವಲ್ಪ ಈ ಕಡೆ ತಿರುಗ್ಸಕ್ಕೆ ಏಳ್ಲಾ," ಎಂದ ಅಪ್ಪ.

ಎದ್ದು ಹೋಗಿ ಹೇಳಿದೆ. ಮಾದೇವಣ್ಣ ತಿರುಗಿಸಿದ. "ಕಾಣ್ತದಾ ಕೇಳು ನಿಮ್ಮಪ್ಪನ್ನ," ಎಂದ. ಬಂದು ಕೇಳಿದೆ. ನನಗೆ ಎರಡನೆಯ ನೌಕರಿ ಸಿಕ್ಕಿತ್ತು. ಈ ಸಲ ಸೇರಿಸಲು ನನ್ನ ಹತ್ತಿರ ಒಳ್ಳೆಯ ಪದ ಯಾವುದೂ ಬರಲಿಲ್ಲ.

ಆಮೇಲೆ ಭಾನುವಾರಗಳಂದು ಮೆಷಿನ್ನುಗಳು ಇದ್ದಲ್ಲೇ ಇದ್ದವು. ಮೇಷ್ಟ್ರು ಒಂದೆರಡು ಸಲ ಬಂದು, ಇಬ್ಬರೇ ಕೂತು ಮಾತಾಡುವುದು ಸಾಗದೆ ಬಿಟ್ಟರು. ಅಪ್ಪ ತೊಡೆ ತಟ್ಟಿ ನಗುವುದನ್ನು ನಾನು ಮತ್ತೆ ನೋಡಲಿಲ್ಲ. ಅಜ್ಜಿ ನನ್ನ ಹೈಸ್ಕೂಲು ಮುಗಿಯುವ ಮೊದಲು ಹೋದಳು. ಕೊನೆಯ ತಿಂಗಳುಗಳಲ್ಲಿ ಅಮ್ಮನೇ ಎತ್ತಿ ಕೂರಿಸಿ ಉಣ್ಣಿಸಿದಳು, ಆಗಲೂ ಬಾಯಿ ತೆರೆಯೆಂದು ನನ್ನ ಕೈಯಲ್ಲೇ ಹೇಳಿಸಿದಳು. ಅಪ್ಪ ಸಾಯುವವರೆಗೂ, ಸಮಯ ಸಿಕ್ಕಾಗಲೆಲ್ಲ ಅಮ್ಮನಿಗೆ, ನಮ್ಮವ್ವ ನಿನ್ನ ಬಗ್ಗೆ ಹಿಂಗಂದಿದ್ಲು ಕಣೇ ಎಂದು ಹೇಳುತ್ತಿದ್ದ. ಅಮ್ಮನ ಉತ್ತರ ಬದಲಾಗಲಿಲ್ಲ: "ಅಪ್ಪ ಮಗ ಸೇರ್ಕಂಡು ಕಟ್ಟಿದ್ ಕತೆ."

ಅಕ್ಕ ಅಂದ ಮಾತು ತಲೆಯಿಂದ ಹೋಗದೆ, ಈ ವರ್ಷದ ಶುರುವಿನಲ್ಲಿ ಹನೂರಿಗೆ ಹೋದೆ. ಸ್ಟುಡಿಯೋವನ್ನು ಈಗ ಮಾದೇವಣ್ಣನ ತಂಗಿಯ ಮಗ ನಡೆಸುತ್ತಾನೆ. ಪಾಸ್‌ಪೋರ್ಟ್ ಫೋಟೋ, ಜೆರಾಕ್ಸ್. ಮಾದೇವಣ್ಣ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೆಟ್ಟದ ಬಸ್ಸುಗಳನ್ನು ನೋಡುತ್ತಿದ್ದ. ಹೆಸರು ಹೇಳಿದೆ.

"ಟೈಪಿಂಗ್ ಮೇಷ್ಟ್ರ ಮಗ್ನಾ? ಕುಂತ್ಕಪ್ಪಾ. ಟೀಗೆ ಸಕ್ರೆ ಆಕ್ಸ್ಬೋದಾ, ಇಲ್ಲಾ ನಿಂಗೂ ಕಾಯ್ಲೆಯಾ?"

ಟೀ ಬಂತು. ಬಸ್ಸಿನಲ್ಲಿ ಸಿದ್ಧಮಾಡಿಕೊಂಡು ಬಂದಿದ್ದ ಮಾತು ಹೇಳಿದೆ.

"ಮಾದೇವಣ್ಣ, ಅವತ್ತು ಕ್ಯಾಸೆಟ್ಟನ್ನ ನಾನು ಮುಂದಕ್ಕೆ ಓಡಿಸಿರಲಿಲ್ಲ ಅನ್ಸುತ್ತೆ."

"ಅನ್ಸುತ್ತೆ?"

"ಖಚಿತವಾಗಿ ಹೇಳಕ್ಕಾಗಲ್ಲ."

"ಇಷ್ಟ್ ವರ್ಸ ಆದ್ಮೇಲೆ ಬಸ್ಸತ್ಕಂಡು ಬಂದು ಅನ್ಸುತ್ತೆ ಅಂತೀಯಲ್ಲಪ್ಪಾ! ಯಾವ ಯೂನಿವರ್ಸಿಟಿ ನಿಂದು?"

ಅವನು ನಕ್ಕ. ನನಗೆ ನಗು ಬರಲಿಲ್ಲ. ಅವನು ಲೋಟ ಕೆಳಗಿಟ್ಟ.

"ತಪ್ಪು ನಂದೇ ಕಣ್ಲಾ. ಕ್ಯಾಮ್ರಾ ಇಡ್ದೋನು ಒಂದ್ ಸತಿ ಕಣ್ಣಿಟ್ಟು ಬೆರಳು ಅದಾ ಅಂತ ನೋಡ್ಕಬೇಕು. ನೋಡ್ಕನಿಲ್ಲ. ಮೋಡ ಬತ್ತಾ ಇತ್ತು, ಬೆಳ್ಕು ಓಯ್ತದೆ ಅಂತ ಅವಸ್ರ. ಆದ್ರೆ ನೀ ನನ್ ಹೆಸ್ರು ಏಳ್ದೆ ನೋಡು, ನಿಮ್ಮಪ್ಪ ತಿರ್ಗಿ ನನ್ ಮಕ ನೋಡ್ದ. ಆ ನೋಟ ಆದ್ಮೇಲೆ ಆ ಮನೇಲಿ ಕುಂತ್ಕಳಕ್ಕಾಗ್ನಿಲ್ಲ."

"ಅಪ್ಪ ಆಮೇಲೆ ಯಾವತ್ತೂ ಬರಲಿಲ್ವಾ ಇಲ್ಲಿಗೆ?"

"ಬಂದಿದ್ದ. ಎರಡ್ ಸತಿ. ಫೋಟೋ ತಗಸ್ಕಂಡು ಓದ. ನಾ ತಲೆ ಇಂಗ್ ಮಾಡಿ ಅಂತ ಗಲ್ಲ ತಿರುಗ್ಸ್ದೆ, ಅವ ತಿರುಗ್ಸ್ಕಂಡ. ಅದೇ ಮಾತು."

ಇದು ನನಗೆ ಗೊತ್ತಿರಲಿಲ್ಲ. ಮಾದೇವಣ್ಣ ಒಳಗೆ ಹೋಗಿ ಬಹಳ ಹೊತ್ತು ಏನೇನೋ ಸರಿಸಿ, ಬೂಷ್ಟು ಹಿಡಿದ ಕ್ಯಾಸೆಟ್ ತಂದು ನನ್ನ ಕೈಯಲ್ಲಿಟ್ಟ. ಅವತ್ತಿನಿಂದ ಅದನ್ನು ಹಾಕಿ ನೋಡಿಲ್ಲ, ಅದರ ಮೇಲೆ ಬೇರೆ ಮದುವೆ ತೆಗೆಯಲೂ ಮನಸ್ಸಾಗಲಿಲ್ಲ ಎಂದ. ಅವನ ಕೈ ಹಿಡಿದುಕೊಂಡೆ. ಕ್ಷಮಿಸು ಎಂದು ಅಂದೆನೋ, ಅನ್ನಬೇಕೆಂದು ಮಾತ್ರ ಅಂದುಕೊಂಡೆನೋ, ಈ ವರ್ಷದ್ದೇ ಆದರೂ ಆಣೆ ಮಾಡಿ ಹೇಳಲಾರೆ.

ಮೈಸೂರಿನಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ತೊಳೆದು ಕಂಪ್ಯೂಟರಿಗೆ ಹಾಕಿಕೊಡುವ ಯುವಕನೊಬ್ಬನಿದ್ದಾನೆ. ಅವನು ಎರಡು ವಾರ ತೆಗೆದುಕೊಂಡು ಹೇಳಿದ: ಚಿತ್ರ ತಕ್ಕಮಟ್ಟಿಗೆ ಬಂದಿದೆ, ಶಬ್ದ ಇಲ್ಲ. ಶಬ್ದ ಇರುವುದು ಟೇಪಿನ ಅಂಚಿನಲ್ಲಿ, ಅಂಚನ್ನು ಬೂಷ್ಟು ತಿಂದಿದೆ. ಅವನ ಪಕ್ಕ ಕೂತು ನೋಡಿದೆ. ಅಜ್ಜಿ ಬಾಯಿ ತೆರೆದಳು, ಚಿತ್ರ ಚದುರಿತು, ಹುಡುಗಿ ಮೆಟ್ಟಿಲಿಳಿದಳು, ಅತ್ತೆಯನ್ನು ಹುಡುಕಿದಳು. ಅಪ್ಪ ಟಿವಿ ಆರಿಸಿದ ಜಾಗ ದಾಟಿ ಟೇಪು ಓಡಿತು. ಐದನೆಯ ಭಾನುವಾರ ಮಳೆ ಬಂದು ಕೆಲಸ ಬೇಗ ನಿಂತಿತ್ತಲ್ಲ; ಅವತ್ತಿನದು ಮುಗಿದ ಮೇಲೆ, ಅದು ಅಳಿಸದೆ ಉಳಿದ ಜಾಗದಲ್ಲಿ, ಬಣ್ಣದ ಪಟ್ಟೆಗಳು ಸರಿದು ಮತ್ತೆ ಅಜ್ಜಿ ಬಂದಳು. ಒಗೆಯುವ ಕಲ್ಲು, ಅಜ್ಜಿ, ಅಲುಗಾಡುವ ತುಟಿ. ಹನ್ನೊಂದು ಸೆಕೆಂಡು. ಆಮೇಲೆ ಮೇಷ್ಟ್ರ ನಾಲ್ಕು ಬೆರಳು. ತುಟಿಯನ್ನು ಓದಲು ಎಷ್ಟು ಸಲ ನೋಡಿದರೂ ಆಗಲಿಲ್ಲ; ಅಜ್ಜಿಗೆ ಮುಂದಿನ ಹಲ್ಲುಗಳಿರಲಿಲ್ಲ. ಎಂಟನೆಯ ಸಲವೋ ಒಂಬತ್ತನೆಯ ಸಲವೋ ಆ ಯುವಕ, "ಸಾ, ಹಿಂದೆ ಯಾರೋ ಅವ್ರೆ," ಎಂದ. ಅಜ್ಜಿಯ ಹಿಂದೆ, ಅಡುಗೆಮನೆಯ ಅರ್ಧ ತೆರೆದ ಬಾಗಿಲಲ್ಲಿ, ಚೌಕಟ್ಟು ಹಿಡಿದ ಒಂದು ಕೈ, ಭುಜದಿಂದ ಮೊಣಕಾಲಿನವರೆಗೆ ಒಂದು ಸೀರೆ. ಮುಖ ನೆರಳಿನಲ್ಲಿ.

ಅಮ್ಮ ಈಗ ಯಳಂದೂರಿನಲ್ಲಿ ಅಕ್ಕನ ಮನೆಯಲ್ಲಿದ್ದಾಳೆ. ಆ ಮನೆಯೂ ಗದ್ದಲದ್ದೇ. ಮಧ್ಯಾಹ್ನ ಊಟವಾದ ಮೇಲೆ ಫೋನನ್ನು ಅಮ್ಮನ ಕೈಗೆ ಕೊಟ್ಟೆ. ಹತ್ತಿರ ಹಿಡಿದು ನೋಡಿದಳು.

"ಉಘೇ ಮಾದಪ್ಪ. ನಿಮ್ಮಜ್ಜಿ."

"ಹಿಂದೆ ಬಾಗಿಲಲ್ಲಿ ಯಾರು ಅಮ್ಮ?"

"ಯಾವ್ಳೋ. ಪಕ್ಕದ್ಮನೆ ಸಾಕಮ್ಮ ಇರ್ಬೇಕು."

"ಸಾಕಮ್ಮ ನಮ್ಮ ಅಡುಗೆಮನೆಯಲ್ಲಿ ಯಾಕೆ?"

"ಮಜ್ಜಿಗೆ ಈಸ್ಕಳಕ್ಕೆ ಬಂದಿರ್ತಾಳೆ. ನಾ ಮಿಲ್ಲಿಗೆ ಓಗಿದ್ನಲ್ಲ."

"ಅಜ್ಜಿ ಏನ್ ಹೇಳ್ತಾ ಇದ್ದಾಳೆ, ಗೊತ್ತಾಗ್ತದಾ?"

"ಸೌಂಡೇ ಇಲ್ಲ, ನಂಗೆಂಗ್ ಗೊತ್ತಾದದು?" ಎಂದಳು. ಫೋನನ್ನು ಮಾತ್ರ ವಾಪಸ್ ಕೊಡಲಿಲ್ಲ. "ಇದು ಮತ್ತೆ ಓಡ್ಬೇಕಂದ್ರೆ ಎಲ್ಲೊತ್ಬೇಕು?" ಎಂದು ಕೇಳಿದಳು. ತೋರಿಸಿದೆ. ಒಂದೇ ಸಮನೆ ನೋಡಿದಳು, ನಾನು ಎಣಿಸುವುದನ್ನು ಬಿಟ್ಟೆ. ಆಮೇಲೆ ಫೋನನ್ನು ಮಂಚದ ಮೇಲಿಟ್ಟು, "ಆಗ ಮಾತಾಡ್ಸಿದ್ರೆ ಆಗದಾ, ಈಗೇನ್ ಬಂತು," ಎಂದು ಯಾರಿಗೆ ಎಂದು ಹೇಳದೆ, ಹಿಂದಿನ ಕೋಣೆಗೆ ಹೋಗಿ ಮಲಗಿದಳು. ಅಜ್ಜಿ ಮಾತಾಡಿಸಬೇಕಿತ್ತು ಅಂದಳೋ, ತಾನೇ ಮಾತಾಡಿಸಬೇಕಿತ್ತು ಅಂದಳೋ, ನಾನು ಕೇಳಲಿಲ್ಲ.

ಅಕ್ಕ ಅಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದಳು. ಫೋನ್ ತೆಗೆದುಕೊಂಡು ಸೀರೆಯನ್ನು ದೊಡ್ಡದು ಮಾಡಿ ನೋಡಿದಳು. ಬೀರು ತೆರೆದು, ಅವಳ ಬಾಣಂತನದ ಕಾಲಕ್ಕೆ ಅಮ್ಮ ತನ್ನ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದುಕೊಟ್ಟಿದ್ದ ಕೌದಿಯನ್ನು ತೆಗೆದು ನೆಲದ ಮೇಲೆ ಹಾಸಿದಳು. ಇಬ್ಬರೂ ಮಂಡಿಯೂರಿ ಒಂದೊಂದೇ ಚೌಕ ನೋಡುತ್ತಾ ಹೋದೆವು. ಮೂರನೆಯ ಸಾಲಿನಲ್ಲಿ ಸಿಕ್ಕಿತು. ಫೋನನ್ನು ಪಕ್ಕದಲ್ಲಿಟ್ಟೆ. ದೊಡ್ಡ ಚೌಕಳಿಯ ಸೀರೆ, ತೊಡೆಯ ಜಾಗದಲ್ಲಿ ಇಸ್ತ್ರಿ ಸುಟ್ಟ ತೂತಿಗೆ ಓರೆಯಾಗಿ ಹಾಕಿದ ಅಂಗೈಯಗಲದ ಕಪ್ಪು ತೇಪೆ, ತೇಪೆಯ ಒಂದು ಬದಿಗೆ ಕಪ್ಪು ದಾರ ಸಾಲದೆ ಬಿಳಿ ದಾರದ ಹೊಲಿಗೆ. ಪರದೆಯಲ್ಲೂ ಕೌದಿಯಲ್ಲೂ ಅದೇ ಓರೆ, ಅದೇ ಬದಿಗೆ ಬಿಳಿ ಗೆರೆ.

"ಅಮ್ಮಂಗೆ ಏಳ್ಬ್ಯಾಡ," ಎಂದಳು ಅಕ್ಕ.

ಹೇಳಿಲ್ಲ. ನಾಲ್ಕನೆಯ ಭಾನುವಾರ ಅಜ್ಜಿ ಮಾತಾಡುವಾಗ ಅಮ್ಮ ಮಿಲ್ಲಿನಲ್ಲಿರಲಿಲ್ಲ. ಆರೇಳು ಅಡಿ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.